ಹೆಸರು ಒಬ್ಬನದು, ಪದಕ ಇನ್ನೊಬ್ಬನದು

ನಮ್ಮ ಕಡೆ ಯಾರನ್ನಾದರೂ ಬಯ್ಯಬೇಕೆಂದರೆ ಮೊದಲು ಬಾಯಿಗೆ ಬರುವ ಪ್ರಾಣಿ ಕತ್ತೆ. ಪಾಠ ಒಪ್ಪಿಸದ ಹುಡುಗ ಕತ್ತೆ, ಹೇಳಿದ ಮಾತು ಕೇಳದ ಆಳು ಕತ್ತೆ, ಮೂವತ್ತು ದಾಟಿದರೂ ಮನೆ ಕಡೆ ಗಮನ ಕೊಡದವನು 'ಕತ್ತೆ ವಯಸ್ಸಾದವನು'. ಅದೇ ಬಾಯಲ್ಲಿ, ಯಾರಾದರೂ ಹೊತ್ತುಗೊತ್ತಿಲ್ಲದೆ ದುಡಿದರೆ 'ಕತ್ತೆ ದುಡಿದ ಹಾಗೆ ದುಡಿದ' ಅಂತಲೂ ಹೇಳುತ್ತೇವೆ. ಬೈಗುಳಕ್ಕೂ ಅದೇ, ದುಡಿಮೆಗೂ ಅದೇ. ಇಂಥ ಪ್ರಾಣಿಗೆ ಆಸ್ಟ್ರೇಲಿಯಾದ ಪ್ರಾಣಿದಯಾ ಸಂಘದವರು 1997ರ ಮೇ 19ರಂದು 'ಪರ್ಪಲ್ ಕ್ರಾಸ್' ಎಂಬ ಶೌರ್ಯಪದಕ ಕೊಟ್ಟರು. ಕತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ಆ ಮಾತು ಬೇರೆ. ಆದರೆ ಆ ಕತ್ತೆಯನ್ನು ಗುಂಡಿನ ಸುರಿಮಳೆಯ ನಡುವೆ ಹೊಡೆದುಕೊಂಡು ಹೋಗಿ ಗಾಯಾಳುಗಳನ್ನು ತಂದ ಮನುಷ್ಯನಿಗೆ ಶೌರ್ಯಪದಕ ಬರಲಿಲ್ಲ. ಅವನಂತೆಯೇ ಕತ್ತೆ ಹೊಡೆದ ಇನ್ನೊಬ್ಬನಿಗೆ ಪದಕ ಬಂತು, ಆದರೆ ಅವನ ಮುಖಕ್ಕೆ ಮೊದಲಿನವನ ಹೆಸರು ಅಂಟಿಕೊಂಡಿತು.

ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಅಧ್ಯಕ್ಷರ ಮಾತು, ಕಾರ್ಯದರ್ಶಿಗಳ ವರದಿ, ಷೇರು ಠೇವಣಿಗಳ ಪಟ್ಟಿ, ಹಳೆಯ ಆಡಳಿತ ಮಂಡಳಿಗಳ ಫೋಟೋ ಎಲ್ಲ ಇದ್ದೇ ಇರುತ್ತವೆ. ಜೊತೆಗೆ ಇತಿಹಾಸದ ಒಂದು ಲೇಖನವೂ ಇರಲಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ರಾಜ ಮಹಾರಾಜರ ಕಡೆಗೆ ಹೋಗಲಿಲ್ಲ. ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಗಾಡಿ ಹೊಡೆದವರ, ಪ್ರಾಣಿ ಮೇಯಿಸಿದವರ, ಯುದ್ಧಕ್ಕೆ ಹೋಗಿಯೂ ಬಂದೂಕು ಹಿಡಿಯದೆ ಗಾಯಗೊಂಡವರನ್ನು ಹೊತ್ತು ತಂದವರ ವಿಷಯವೇ ನಮ್ಮಂಥ ಊರಿನವರಿಗೆ ಹತ್ತಿರದ್ದು ಅನ್ನಿಸಿತು.

ಇವತ್ತು ಆಂಬುಲೆನ್ಸ್ ಅಂದ್ರೆ 108ಕ್ಕೆ ಫೋನ್ ಮಾಡಿದರೆ ಸೈರನ್ ಹಾಕಿಕೊಂಡು ಬರುವ ವ್ಯಾನು. ನಮ್ಮ ರಾಜ್ಯಕ್ಕೆ ಆ ಸೇವೆ ಬಂದದ್ದು 2008ರಲ್ಲಿ. ಅದಕ್ಕೆ ಇನ್ನೂರು ವರ್ಷಕ್ಕೂ ಹಿಂದೆ ಆಂಬುಲೆನ್ಸ್ ಹುಟ್ಟಿದ್ದು ಕುದುರೆ ಗಾಡಿಯಾಗಿ. ಫ್ರಾನ್ಸಿನ ಸೈನ್ಯದಲ್ಲಿ ಡೊಮಿನಿಕ್ ಲಾರೆ ಎಂಬ ಶಸ್ತ್ರವೈದ್ಯನಿದ್ದ. ಆ ಕಾಲದಲ್ಲಿ ಗಾಯಗೊಂಡ ಸಿಪಾಯಿ ಯುದ್ಧ ಮುಗಿಯುವ ತನಕ ಬಿದ್ದಲ್ಲೇ ಬಿದ್ದಿರಬೇಕಾಗಿತ್ತು. ಅಷ್ಟರಲ್ಲಿ ಬಹಳ ಮಂದಿ ರಕ್ತ ಹೋಗಿ ಸಾಯುತ್ತಿದ್ದರು. ಲಾರೆ 1792ರ ಸುಮಾರಿಗೆ ಹಗುರವಾದ ಗಾಡಿಗಳನ್ನು ಮಾಡಿಸಿ, ಕುದುರೆ ಹೂಡಿಸಿ, ಯುದ್ಧ ನಡೆಯುತ್ತಿರುವಾಗಲೇ ಒಳಗೆ ನುಗ್ಗಿ ಗಾಯಾಳುಗಳನ್ನು ಎತ್ತಿ ತರುವ ಏರ್ಪಾಡು ಮಾಡಿದ. ಬಯಲಿಗೆ ಎರಡು ಚಕ್ರದ ಗಾಡಿ, ಗುಡ್ಡಗಾಡಿಗೆ ನಾಲ್ಕು ಚಕ್ರದ್ದು. ಇವನು ದೊಡ್ಡ ಅಧಿಕಾರಿ, ಇವನು ಬರೀ ಸಿಪಾಯಿ ಎಂದು ನೋಡದೆ ಯಾರ ಗಾಯ ದೊಡ್ಡದೋ ಅವರಿಗೆ ಮೊದಲು ಚಿಕಿತ್ಸೆ ಎಂಬುದು ಅವನ ನಿಯಮ. ನೆಪೋಲಿಯನ್ ಸಾಯುವಾಗ ತನ್ನ ಉಯಿಲಿನಲ್ಲಿ ಈ ವೈದ್ಯನಿಗೆ ಒಂದು ಲಕ್ಷ ಫ್ರಾಂಕ್ ಬರೆದಿಟ್ಟ.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಮೋಟಾರು ಆಂಬುಲೆನ್ಸುಗಳು ಆಗತಾನೆ ಕಣ್ಣುಬಿಡುತ್ತಿದ್ದವು. ಕುದುರೆ, ಹೇಸರಗತ್ತೆಗಳು ಎಳೆಯುವ ಗಾಡಿಗಳೇ ಹೆಚ್ಚು. ಸೈನ್ಯದಲ್ಲಿ 'ಫೀಲ್ಡ್ ಆಂಬುಲೆನ್ಸ್' ಅಂದರೆ ಒಂದು ವಾಹನ ಅಲ್ಲ. ವೈದ್ಯರು, ಡೋಲಿ ಹೊರುವವರು, ಗಾಡಿ ಹೊಡೆಯುವವರು, ಅಡಿಗೆಯವರು ಎಲ್ಲ ಸೇರಿದ ಒಂದು ಪೂರ್ತಿ ದಳ. ನೂರಾರು ಜನ ಇರುವ ಚಲಿಸುವ ಆಸ್ಪತ್ರೆ ಅನ್ನಿ.

ಇನ್ನು ಕಥೆ ನಡೆದ ಜಾಗಕ್ಕೆ ಬರೋಣ. ತುರ್ಕಿ ದೇಶದಲ್ಲಿ ಗಲ್ಲಿಪೋಲಿ ಎಂಬ ನಾಲಿಗೆಯಂಥ ನೆಲ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಪಕ್ಕದ ಕಿರಿದಾದ ಜಲಸಂಧಿಯನ್ನು ಗೆದ್ದರೆ ತುರ್ಕಿಯ ರಾಜಧಾನಿಯಾಗಿದ್ದ ಇಸ್ತಾಂಬುಲ್‌ಗೆ ಹಡಗಿನಲ್ಲಿ ನೆಟ್ಟಗೆ ಹೋಗಬಹುದು ಎಂಬುದು ಬ್ರಿಟಿಷರ ಲೆಕ್ಕ. 1915ರ ಏಪ್ರಿಲ್ 25ರ ನಸುಕಿನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳ ಸೈನಿಕರನ್ನು ಅಲ್ಲಿ ಒಂದು ಸಣ್ಣ ಕೊಲ್ಲಿಯಲ್ಲಿ ಇಳಿಸಿದರು. ಆ ದಳಕ್ಕೆ 'ಆನ್ಜಾಕ್' ಎಂದು ಹೆಸರು. ಇವತ್ತಿಗೂ ಆ ಎರಡು ದೇಶಗಳಲ್ಲಿ ಏಪ್ರಿಲ್ 25 ಅಂದರೆ ನಮ್ಮ ಆಗಸ್ಟ್ 15ರಷ್ಟು ದೊಡ್ಡ ದಿನ. ಆ ದಳದ ಜನರಲ್ ಬರ್ಡ್‌ವುಡ್ ಹುಟ್ಟಿದ್ದು ಪುಣೆಯ ಹತ್ತಿರದ ಖಡಕಿಯಲ್ಲಿ, ಬೆಳೆದದ್ದು ಭಾರತದ ಸೈನ್ಯದಲ್ಲಿ.

ಇಳಿದ ಜಾಗ ಹೇಗಿತ್ತೆಂದರೆ, ನೀರಿನಿಂದ ನಾಲ್ಕು ಹೆಜ್ಜೆ ಮರಳು, ಆಮೇಲೆ ಎದ್ದು ನಿಂತ ಗುಡ್ಡ. ಗುಡ್ಡದ ತುಂಬ ಮಳೆನೀರು ಕೊರೆದ ಕೊರಕಲು, ಮುಳ್ಳಿನ ಪೊದೆ. ಮೇಲೆ ತುರ್ಕರು, ಕೆಳಗೆ ಇವರು. ಗಾಡಿ ಹೋಗುವ ಹಾದಿಯೇ ಇಲ್ಲ. ಕುದುರೆಗಳಿಗೆ ನಿಲ್ಲಲು ಜಾಗವಿಲ್ಲದೆ ಅವುಗಳಲ್ಲಿ ಬಹುಪಾಲನ್ನು ಈಜಿಪ್ಟಿಗೇ ವಾಪಸು ಕಳಿಸಿದರು. ಕುದುರೆ ಸವಾರರ ಪಲ್ಟನ್ನುಗಳು ಕೂಡ ಅಲ್ಲಿ ಕಾಲ್ನಡಿಗೆಯಲ್ಲೇ ಕಾದಾಡಬೇಕಾಯಿತು. ಕುದುರೆ ಆಂಬುಲೆನ್ಸು ಇಲ್ಲದ ಮೇಲೆ ಉಳಿದದ್ದು ಡೋಲಿ ಮತ್ತು ಹೆಗಲು. ಮೊದಲ ದಿನವೇ ಗಾಯಾಳುಗಳ ಸಂಖ್ಯೆ ಲೆಕ್ಕ ಮೀರಿತು. ಹಡಗಿಗೆ ಗಾಯಾಳು ಜೊತೆ ಹೋದ ಸ್ಟ್ರೆಚರ್ ವಾಪಸು ಬರುತ್ತಿರಲಿಲ್ಲ. ಡೋಲಿ ಹೊರುವವರೂ ಗುಂಡಿಗೆ ಸಿಕ್ಕಿ ಸಾಯುತ್ತಿದ್ದರು.

ಈ ಡೋಲಿ ಹೊರುವವರಲ್ಲಿ ಒಬ್ಬ ಜಾನ್ ಸಿಂಪ್ಸನ್. ನಿಜವಾದ ಹೆಸರು ಜಾನ್ ಸಿಂಪ್ಸನ್ ಕರ್ಕ್‌ಪ್ಯಾಟ್ರಿಕ್. 1892ರ ಜುಲೈ 6ರಂದು ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಎಂಬ ಹಡಗುಕಟ್ಟೆ ಊರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಅಲ್ಲಿ ಬೇಸಿಗೆ ರಜೆಯಲ್ಲಿ ಸಮುದ್ರದ ದಡದಲ್ಲಿ ಮಕ್ಕಳನ್ನು ಕತ್ತೆ ಮೇಲೆ ಕೂರಿಸಿ ಸುತ್ತು ಹೊಡೆಸುವ ಕೆಲಸ ಇರುತ್ತಿತ್ತು. ಹುಡುಗನಾಗಿದ್ದಾಗ ಅದನ್ನು ಮಾಡಿ ಕಾಸು ಸಂಪಾದಿಸಿದ್ದ. ಜಾತ್ರೆಯಲ್ಲಿ ಒಂಟೆ ಹೊಡೆಸುತ್ತಾರಲ್ಲ, ಹಾಗೆ. 1909ರಲ್ಲಿ ತಂದೆ ತೀರಿಕೊಂಡ. ಮಗ ಸರಕು ಹಡಗು ಸೇರಿದ. 1910ರಲ್ಲಿ ಆಸ್ಟ್ರೇಲಿಯಾ ಮುಟ್ಟಿದಾಗ ಹಡಗಿನಿಂದ ಹೇಳದೆ ಕೇಳದೆ ಇಳಿದು ತಲೆಮರೆಸಿಕೊಂಡ. ಆಮೇಲೆ ಕಬ್ಬು ಕಡಿದ, ಕಲ್ಲಿದ್ದಲು ಗಣಿಗೆ ಇಳಿದ, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿದ. ದುಡಿದದ್ದರಲ್ಲಿ ತಾಯಿಗೆ ಹಣ ಕಳಿಸುವುದನ್ನು ಮಾತ್ರ ತಪ್ಪಿಸಲಿಲ್ಲ. 1914ರ ಆಗಸ್ಟಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸೈನ್ಯಕ್ಕೆ ಸೇರುವಾಗ ಕರ್ಕ್‌ಪ್ಯಾಟ್ರಿಕ್ ಎಂಬ ಮನೆ ಹೆಸರನ್ನು ಬಿಟ್ಟು ಬರೀ ಸಿಂಪ್ಸನ್ ಎಂದು ಬರೆಸಿದ. ಹಡಗಿನಿಂದ ಓಡಿಬಂದ ವಿಷಯ ಹೊರಬೀಳದಿರಲಿ ಎಂದು. ಹೇಗೂ ಸೈನ್ಯ ಇಂಗ್ಲೆಂಡಿಗೆ ಹೋಗುತ್ತದೆ, ತಾಯಿಯ ಮುಖ ನೋಡಬಹುದು ಎಂಬ ಆಸೆಯಿಂದ ಸೇರಿದನೆಂದು ಬಹಳ ಜನ ಹೇಳುತ್ತಾರೆ. ಹಡಗು ಈಜಿಪ್ಟಿನಲ್ಲಿ ಇಳಿಸಿತು. ಅಲ್ಲಿಂದ ಗಲ್ಲಿಪೋಲಿ.

ದಡಕ್ಕೆ ಇಳಿದ ಒಂದೆರಡು ದಿನದೊಳಗೆ ಅವನ ಕಣ್ಣಿಗೆ ಕತ್ತೆ ಬಿತ್ತು. ನೀರು ಹೊರಲೆಂದು ತಂದಿದ್ದ ಕತ್ತೆಗಳು ಮೇಯುತ್ತ ಅಡ್ಡಾಡುತ್ತಿದ್ದವು. ಸಿಂಪ್ಸನ್ ಒಂದನ್ನು ಹಿಡಿದು, ಹಗ್ಗದ ಮೂಗುದಾರ ಮಾಡಿ, ಹಣೆಗೆ ರೆಡ್‌ಕ್ರಾಸ್ ಪಟ್ಟಿ ಕಟ್ಟಿ, ತನ್ನ ದಳಕ್ಕೆ ಹೇಳದೆ ಹೊರಟ. ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. ಗುಡ್ಡದ ಹಾದಿಯಲ್ಲಿ ಒಂದು ಸ್ಟ್ರೆಚರ್ ಹೊರಲು ಕನಿಷ್ಠ ಇಬ್ಬರು, ಏರು ಇಳಿವು ಜಾಸ್ತಿ ಇದ್ದರೆ ನಾಲ್ಕು ಜನ ಬೇಕು. ಕಾಲಿಗೆ ಗುಂಡು ತಾಗಿದವನು ಮಲಗಲೇಬೇಕೆಂದಿಲ್ಲ, ಕುಳಿತು ಬರಬಲ್ಲ. ಅವನನ್ನು ಕತ್ತೆಯ ಮೇಲೆ ಕೂರಿಸಿದರೆ ಒಬ್ಬನೇ ಮನುಷ್ಯ ಸಾಕು. ಉಳಿದ ಮೂವರು ಹೊಟ್ಟೆಗೆ, ತಲೆಗೆ ಏಟು ಬಿದ್ದವರ ಡೋಲಿಗೆ ಒದಗುತ್ತಾರೆ. ಇದು ಯಾವ ಕಾಲೇಜಿನಲ್ಲೂ ಕಲಿಸದ, ಹಳ್ಳಿಯ ಬುದ್ಧಿ. ಕತ್ತೆಗೆ ಹೇರು ಹೇರಿ ಗೊತ್ತಿದ್ದವನಿಗೆ ಮಾತ್ರ ಹೊಳೆಯುವಂಥದ್ದು.

ಹಾದಿಗೆ ಶ್ರಾಪ್ನೆಲ್ ಗಲ್ಲಿ ಎಂದು ಹೆಸರಿಟ್ಟಿದ್ದರು. ಆಕಾಶದಲ್ಲೇ ಒಡೆದು ಸೀಸದ ಗುಂಡುಗಳನ್ನು ಕಲ್ಲುಮಳೆಯ ಹಾಗೆ ಸುರಿಸುವ ತೋಪಿನ ಮದ್ದಿಗೆ ಶ್ರಾಪ್ನೆಲ್ ಎನ್ನುತ್ತಾರೆ. ಹೆಸರಲ್ಲೇ ಎಲ್ಲ ಇದೆ. ಕೊರಕಲಿನ ಮೇಲ್ಭಾಗಕ್ಕೆ, ಬ್ರಿಗೇಡಿನ ಕರ್ನಲ್ ಜಾನ್ ಮೊನಾಶ್ ಹೆಸರಿನಲ್ಲಿ, ಮೊನಾಶ್ ಕಣಿವೆ ಎಂದು ಹೆಸರು. ದಡದಿಂದ ಅಲ್ಲಿಗೆ ಸುಮಾರು ಒಂದೂವರೆ ಎರಡು ಕಿಲೋಮೀಟರು. ಎಡಬಲದ ಗುಡ್ಡದ ಮೇಲಿಂದ ತುರ್ಕರ ಗುರಿಕಾರರು ಹೊಂಚಿ ಹೊಡೆಯುತ್ತಿದ್ದರು. ಅಲ್ಲಲ್ಲಿ ಮರಳು ಮೂಟೆಗಳ ಅಡ್ಡಗೋಡೆ ಕಟ್ಟಿ, ಒಂದು ಗೋಡೆಯಿಂದ ಇನ್ನೊಂದಕ್ಕೆ ಓಡಿ ಹೋಗುವುದು ಉಳಿದವರ ಪದ್ಧತಿ. ಕತ್ತೆಗೆ ಓಡು ಅಂದ್ರೆ ಓಡುತ್ತದೆಯೇ? ಅದು ತನ್ನ ಹೆಜ್ಜೆಯಲ್ಲೇ ಹೋಗುವುದು. ಸಿಂಪ್ಸನ್ ಅದರ ಪಕ್ಕದಲ್ಲಿ ಅದೇ ಹೆಜ್ಜೆಯಲ್ಲಿ ನಡೆದ. ಮೇಲೆ ಹೋಗುವಾಗ ನೀರು ಹೊತ್ತು, ಬರುವಾಗ ಗಾಯಾಳು ಕೂರಿಸಿಕೊಂಡು. ಗುಂಡಿನ ಕಾಟ ತೀರಾ ಹೆಚ್ಚಾದ ಕಡೆ ಕತ್ತೆಯನ್ನು ಮರೆಯಲ್ಲಿ ನಿಲ್ಲಿಸಿ ತಾನೊಬ್ಬನೇ ತೆವಳಿ ಹೋಗಿ ಗಾಯಾಳುವನ್ನು ಎಳೆದು ತರುತ್ತಿದ್ದ. ಅವನ ಅಧಿಕಾರಿಗಳು ಮೊದಲು ಕೋಪಿಸಿಕೊಂಡರೂ ಕೆಲಸ ನೋಡಿ ಸುಮ್ಮನಾದರು. ದಿನಕ್ಕೊಮ್ಮೆ ಬಂದು ಮುಖ ತೋರಿಸಿದರೆ ಸಾಕು ಎಂದಾಯಿತು.

ಈಗ ನಮ್ಮವರ ವಿಷಯ. ಸಿಂಪ್ಸನ್ ತನ್ನ ಆಸ್ಟ್ರೇಲಿಯನ್ ದಳದ ಜೊತೆ ಮಲಗುತ್ತಿರಲಿಲ್ಲ. ಅವನು ಬಿಡಾರ ಹೂಡಿದ್ದು ಭಾರತದ 21ನೆಯ ಕೊಹಾಟ್ ಪರ್ವತ ತೋಪಿನ ದಳದ ಹೇಸರಗತ್ತೆ ಲಾಯದಲ್ಲಿ. ಕತ್ತೆಗೆ ಮೇವು ಸಿಗುವುದು ಅಲ್ಲೇ, ಪ್ರಾಣಿ ಅಂದರೆ ಏನೆಂದು ತಿಳಿದ ಜನ ಇರುವುದೂ ಅಲ್ಲೇ. ಪಂಜಾಬಿನ ಸಿಖ್ಖರು, ಮುಸಲ್ಮಾನರು ಇದ್ದ ದಳ ಅದು. ಅವರು ಅವನನ್ನು ಕರೆಯುತ್ತಿದ್ದದ್ದು 'ಬಹದ್ದೂರ್' ಎಂದು. ನಮ್ಮ ಊರುಗಳಲ್ಲೂ ಗರಡಿಮನೆಯಲ್ಲಿ ಗೆದ್ದವನಿಗೆ ಭಲೇ ಬಹದ್ದೂರ್ ಅಂತೀವಲ್ಲ, ಅದೇ ಮಾತು. ಅವನ ಬದುಕಿನಲ್ಲಿ ಸಿಕ್ಕ ಬಿರುದು ಅದೊಂದೇ, ಅದನ್ನು ಕೊಟ್ಟವರು ಹೇಸರಗತ್ತೆ ಮೇಯಿಸುವ ಭಾರತೀಯರು.

ಗಲ್ಲಿಪೋಲಿಯಲ್ಲಿ ಭಾರತೀಯರು ಇದ್ದರೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಸುಮಾರು ಹದಿನೈದು ಹದಿನಾರು ಸಾವಿರ ಜನ ಇದ್ದರು. ಏಪ್ರಿಲ್ 25ರ ಬೆಳಿಗ್ಗೆ ಆನ್ಜಾಕ್ ದಡ ಮುಟ್ಟಿದ ಮೊದಲ ತೋಪುಗಳು ಭಾರತದ 26ನೆಯ ಜೇಕಬ್ಸ್ ಪರ್ವತ ದಳದವು. ಬಿಡಿ ಬಿಡಿಯಾಗಿ ಕಳಚಿ ಹೇಸರಗತ್ತೆ ಮೇಲೆ ಹೇರುವಂಥ ತೋಪುಗಳು. ಜೊತೆಗೆ ಹೇಸರಗತ್ತೆ ಗಾಡಿಗಳ ದಂಡು. ಎರಡು ಹೇಸರಗತ್ತೆ ಕಟ್ಟಿದ, ಎರಡು ಚಕ್ರದ ಸಣ್ಣ ಗಾಡಿ. ಅದನ್ನು ಹೊಡೆಯುವವನಿಗೆ ಸೈನ್ಯದಲ್ಲಿ 'ಡ್ರಾಬಿ' ಎನ್ನುತ್ತಿದ್ದರು, ಡ್ರೈವರ್ ಎಂಬ ಇಂಗ್ಲಿಷ್ ಮಾತೇ ನಮ್ಮವರ ಬಾಯಲ್ಲಿ ಹೀಗಾದದ್ದು. ನೀರು, ರೊಟ್ಟಿ, ಮದ್ದುಗುಂಡು ಎಲ್ಲವನ್ನೂ ರಾತ್ರಿ ಹೊತ್ತು ದಡದಿಂದ ಮೇಲಕ್ಕೆ ಸಾಗಿಸುವುದು ಅವರ ಪಾಲಿನ ಕೆಲಸ. ಆ ನೆಲದಲ್ಲಿ ನೀರೇ ಇರಲಿಲ್ಲ, ಕುಡಿಯುವ ನೀರು ಸಹ ಹಡಗಿನಲ್ಲಿ ಬರಬೇಕಾಗಿತ್ತು. ಈ ಗಾಡಿಗಳು ಖಾಲಿ ಬರುವ ಬದಲು ಗಾಯಾಳುಗಳನ್ನು ಹೇರಿಕೊಂಡು ಬಂದದ್ದೂ ಉಂಟು. ಕುದುರೆ ಆಂಬುಲೆನ್ಸ್ ಹೋಗದ ಕಡೆ ನಮ್ಮ ಗಾಡಿ ಹೋಯಿತು. ಅಲ್ಲಿ ಭಾರತೀಯರ ಫೀಲ್ಡ್ ಆಂಬುಲೆನ್ಸ್ ದಳವೂ ಒಂದಿತ್ತು, ಅದರ ನಂಬರು ಯಾವುದು ಗೊತ್ತೆ? 108. ಕಾಕತಾಳೀಯ ಅಂತೀರೋ ಏನಂತೀರೋ, ನಮಗಂತೂ ಓದಿದಾಗ ಮೈ ಜುಮ್ಮೆಂದಿತು.

ಹೇಸರಗತ್ತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಈ ಪ್ರಾಣಿಗೆ ಸಂತಾನವಿಲ್ಲ. ಕುದುರೆಯ ಬಲ, ಕತ್ತೆಯ ತಾಳ್ಮೆ. ಕಲ್ಲು ಬಂಡೆಯ ಮೇಲೆ ಕಾಲು ಜಾರುವುದು ಕಡಿಮೆ, ಸಿಕ್ಕಿದ್ದನ್ನು ತಿನ್ನುತ್ತದೆ. ಆದರೆ ಹೆದರಿ ಕಿತ್ತುಕೊಂಡು ಓಡಿತೆಂದರೆ ಮುಗಿಯಿತು. ಗಲ್ಲಿಪೋಲಿಯ ತೆಂಕಣ ತುದಿಯಲ್ಲಿ ಯಹೂದಿ ನಿರಾಶ್ರಿತರೇ ಸೇರಿದ್ದ ಇನ್ನೊಂದು ಹೇಸರಗತ್ತೆ ದಳ ಇತ್ತು. ಆ ದಳದ ಗ್ರುಶ್ಕೋವ್ಸ್ಕಿ ಎಂಬ ಸಿಪಾಯಿ 1915ರ ಮೇ 5ರಂದು ಎರಡೂ ತೋಳಿಗೆ ಗುಂಡು ತಾಗಿದ್ದರೂ ಹಗ್ಗ ಬಿಡದೆ, ಬೆದರಿದ ಪ್ರಾಣಿಗಳನ್ನು ತಡೆದು, ಮದ್ದುಗುಂಡನ್ನು ಮುಟ್ಟಿಸಿದ. ಅವನಿಗೆ ಡಿ.ಸಿ.ಎಂ. ಪದಕ ಬಂತು. ಬೆದರಿದ ಜೋಡೆತ್ತನ್ನು ಮೂಗುದಾರ ಹಿಡಿದು ನಿಲ್ಲಿಸಿದ ಅನುಭವ ಇರುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡು ಕೈಗೂ ಗುಂಡು ಬಿದ್ದಿರುವಾಗ ಅದು ಎಂಥ ಕೆಲಸ ಎಂದು ಅವರೇ ಹೇಳಬೇಕು.

ಮೇ 19ರ ಮುಂಜಾನೆ ತುರ್ಕರು ಸುಮಾರು ನಲವತ್ತೆರಡು ಸಾವಿರ ಜನರೊಂದಿಗೆ ಆನ್ಜಾಕ್ ಸಾಲಿನ ಮೇಲೆ ಬಿದ್ದರು. ಒಂದೇ ಮುಂಜಾನೆಯಲ್ಲಿ ಅವರ ಕಡೆ ಹತ್ತು ಸಾವಿರ ಜನ ಸತ್ತರು ಇಲ್ಲವೆ ಗಾಯಗೊಂಡರು. ಹೆಣ ಹೂಳಲೆಂದೇ ಮೇ 24ರಂದು ಎರಡೂ ಕಡೆಯವರು ಒಂದು ದಿನ ಯುದ್ಧ ನಿಲ್ಲಿಸಿದರು. ಸತ್ತವರೂ ರೈತರ ಮಕ್ಕಳೇ, ಅನಾಟೋಲಿಯದ ಹಳ್ಳಿಗಳಿಂದ ಬಂದವರು. ಆ ಮೇ 19ರ ಬೆಳಿಗ್ಗೆ ಸಿಂಪ್ಸನ್ ಎಂದಿನಂತೆ ಕತ್ತೆ ಹೊಡೆದುಕೊಂಡು ಹೊರಟ. ದಾರಿಯಲ್ಲಿ ನೀರಿನ ಕಾವಲಿನವರ ಹತ್ತಿರ ತಿಂಡಿ ತಿನ್ನುವುದು ರೂಢಿ. ಅವತ್ತು ತಿಂಡಿ ಇನ್ನೂ ಆಗಿರಲಿಲ್ಲವಂತೆ, ಮಧ್ಯಾಹ್ನ ಊಟಕ್ಕೆ ಬರುತ್ತೇನೆ, ಚೆನ್ನಾಗಿ ಮಾಡಿಡಿ ಎಂದು ಹೇಳಿ ಹೋದನಂತೆ. ಮೊನಾಶ್ ಕಣಿವೆಯಲ್ಲಿ ಗುಂಡು ತಾಗಿ ಸತ್ತ. ಇಪ್ಪತ್ತೆರಡು ವರ್ಷ. ಗಲ್ಲಿಪೋಲಿಗೆ ಇಳಿದು ಇಪ್ಪತ್ನಾಲ್ಕು ದಿನ. ಮಾರನೆಯ ದಿನ ಕರ್ನಲ್ ಮೊನಾಶ್ ಮೇಲಿನವರಿಗೆ ಪತ್ರ ಬರೆದು ಈ ಮನುಷ್ಯನ ಕೆಲಸವನ್ನು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಂಡ. ಅದರಿಂದ ಆದದ್ದು ಇಷ್ಟೇ: ಸೇನಾಪತಿ ಹ್ಯಾಮಿಲ್ಟನ್ನನ ವರದಿಯಲ್ಲಿ ಸಿಂಪ್ಸನ್ನನ ಹೆಸರು ಬಂತು.

ಸತ್ತ ಮೇಲೆ ಅವನ ಕಥೆ ಅವನ ಕೈಯಲ್ಲಿ ಉಳಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ 1916ರಲ್ಲೂ 1917ರಲ್ಲೂ ಸೈನ್ಯಕ್ಕೆ ಕಡ್ಡಾಯವಾಗಿ ಜನ ಸೇರಿಸಬೇಕೇ ಎಂದು ಮತ ಹಾಕಿಸಿದರು. ಎರಡು ಸಲವೂ ಜನ ಬೇಡ ಅಂದರು. ಅಂಥ ಹೊತ್ತಿನಲ್ಲಿ ಜನರನ್ನು ಹುರಿದುಂಬಿಸಲು ಕತ್ತೆ ಹೊಡೆಯುವ ಸಾಧುವಿನಂಥ ಒಬ್ಬ ವೀರ ಬೇಕಾಗಿದ್ದ. ಇಪ್ಪತ್ನಾಲ್ಕು ದಿನಕ್ಕೆ ಮುನ್ನೂರು ಜನರನ್ನು ಉಳಿಸಿದ ಎಂಬ ಮಾತು ಹುಟ್ಟಿತು. ಲೆಕ್ಕ ಹಾಕಿ ನೋಡಿ. ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ಸಲ, ಪ್ರತಿ ಸಲ ಹೋಗಿ ಬರಲು ಮೂರು ನಾಲ್ಕು ಕಿಲೋಮೀಟರು, ಅಂದರೆ ಗುಡ್ಡದ ಹಾದಿಯಲ್ಲಿ ದಿನಕ್ಕೆ ನಲವತ್ತು ಕಿಲೋಮೀಟರಿನ ಹತ್ತಿರ, ಒಂದು ದಿನವೂ ಬಿಡದೆ. ಮನುಷ್ಯನಿಗೂ ಆಗದು, ಕತ್ತೆಗೂ ಆಗದು. ನಮ್ಮ ಅಭಿಪ್ರಾಯದಲ್ಲಿ ಆ ಸಂಖ್ಯೆ ಬೇಕಾಗಿಯೂ ಇರಲಿಲ್ಲ. ಮೂವತ್ತು ಜನರನ್ನು ತಂದಿದ್ದರೂ ಅದು ದೊಡ್ಡದೇ. ಇನ್ನೊಂದು ಸಂಗತಿಯನ್ನು ಮುಚ್ಚಿಟ್ಟರು. ಇವನು ತಾಯಿಗೆ ಬರೆದ ಪತ್ರಗಳಲ್ಲಿ ಇಂಗ್ಲೆಂಡಿನ ಶ್ರೀಮಂತರ ಮೇಲೆ ಕೆಂಡ ಕಾರಿದ್ದ, ಕೂಲಿಯವರು ಒಂದು ಕ್ರಾಂತಿ ಮಾಡಬೇಕೆಂದು ಬರೆದಿದ್ದ. 1965ರಲ್ಲಿ ಅವನ ಮೇಲೆ ಬಂದ ಪುಸ್ತಕದಲ್ಲಿ ಆ ಭಾಗಗಳನ್ನು ಬಿಟ್ಟಿದ್ದರು. ಪೀಟರ್ ಕಾಕ್ರೇನ್ ಎಂಬ ಇತಿಹಾಸಕಾರ 1992ರಲ್ಲಿ ತನ್ನ ಪುಸ್ತಕದಲ್ಲಿ ಅವನ್ನು ಹೊರಗೆ ತಂದ. ಹಡಗು ಬಿಟ್ಟು ಓಡಿದ, ಕೂಲಿ ಮಾಡಿದ, ಒರಟಾಗಿ ಮಾತಾಡುವ ಹುಡುಗ ಅವನು. ಹಾಗಿದ್ದೇ ಈ ಕೆಲಸ ಮಾಡಿದ ಎಂಬುದು ನಮಗೆ ಹೆಚ್ಚು ಇಷ್ಟವಾಗುತ್ತದೆ.

ಇನ್ನು ಎರಡನೆಯವನು. ರಿಚರ್ಡ್ ಹೆಂಡರ್ಸನ್, ನ್ಯೂಜಿಲೆಂಡಿನವನು, 1895ರಲ್ಲಿ ವೈಹಿ ಎಂಬ ಊರಿನಲ್ಲಿ ಹುಟ್ಟಿದವನು, ವೃತ್ತಿಯಲ್ಲಿ ಶಾಲೆಯ ಮೇಷ್ಟ್ರು. ನ್ಯೂಜಿಲೆಂಡ್ ವೈದ್ಯಕೀಯ ದಳದಲ್ಲಿ ಡೋಲಿ ಹೊರುತ್ತಿದ್ದ ಇವನೂ ಕತ್ತೆಯ ಮೇಲ��� ಗಾಯಾಳುಗಳನ್ನು ತಂದ. 1915ರ ಮೇ ತಿಂಗಳಲ್ಲಿ, ಗಾಯಾಳುವನ್ನು ಕತ್ತೆ ಮೇಲೆ ಕೂರಿಸಿಕೊಂಡು ಬರುತ್ತಿರುವ ಅವನ ಫೋಟೋವನ್ನು ಜಾಕ್ಸನ್ ಎಂಬ ಸಾರ್ಜೆಂಟ್ ತೆಗೆದ. 1917ರಲ್ಲಿ ಹೊರೇಸ್ ಮೂರ್-ಜೋನ್ಸ್ ಎಂಬ ಚಿತ್ರಕಾರ ಆ ಫೋಟೋ ನೋಡಿ ಬಣ್ಣದ ಚಿತ್ರ ಬರೆದ. ಫೋಟೋದಲ್ಲಿರುವವನು ಸಿಂಪ್ಸನ್ನೇ ಎಂದು ಅವನು ನಂಬಿದ್ದ. ಚಿತ್ರ ಮನೆಮನೆಗೆ ಹೋಯಿತು. ಅದರ ಕೆಳಗೆ 'ಪ್ರೈವೇಟ್ ಸಿಂಪ್ಸನ್, ಡಿ.ಸಿ.ಎಂ.' ಎಂದು ಬೇರೆ ಅಚ್ಚು ಹಾಕಿದರು. ಮುಖ ಸಿಂಪ್ಸನ್ನನದಲ್ಲ, ಆ ಪದಕವೂ ಸಿಂಪ್ಸನ್ನನಿಗೆ ಬಂದಿರಲಿಲ್ಲ!

ಹೆಂಡರ್ಸನ್ನನಿಗೆ ಪದಕ ಬಂದದ್ದು ನಿಜ. 1916ರಲ್ಲಿ ಫ್ರಾನ್ಸಿನ ಸೋಮ್ ಯುದ್ಧದಲ್ಲಿ ಗುಂಡಿನ ಮಳೆಯಲ್ಲಿ ಮತ್ತೆ ಮತ್ತೆ ಹೋಗಿ ಗಾಯಾಳುಗಳನ್ನು ತಂದದ್ದಕ್ಕೆ ಮಿಲಿಟರಿ ಮೆಡಲ್ ಕೊಟ್ಟರು. ಮರುವರ್ಷ ಪ್ಯಾಶನ್‌ಡೇಲ್‌ನಲ್ಲಿ ವಿಷಾನಿಲ ಹೊಡೆಯಿತು. ಊರಿಗೆ ಬಂದು ಪುನಃ ಮೇಷ್ಟ್ರಾದ. 1934ರ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ದೇಶದ ತುಂಬ ಗೋಡೆಗಳ ಮೇಲೆ ತೂಗುತ್ತಿದ್ದ ಚಿತ್ರ ತನ್ನದು ಎಂಬ ಸಂಗತಿಯನ್ನು ಅವನು ಬಾಯಿಬಿಟ್ಟದ್ದು 1950ರಲ್ಲಿ, ಅಷ್ಟು ಹೊತ್ತಿಗೆ ಆ ಚಿತ್ರ ನೋಡಲು ಅವನಿಗೆ ಕಣ್ಣಿರಲಿಲ್ಲ. 1958ರಲ್ಲಿ ತೀರಿಕೊಂಡ. ಮೂವತ್ಮೂರು ವರ್ಷ ಯಾಕೆ ಸುಮ್ಮನಿದ್ದನೋ. ಸತ್ತ ಸಂಗಾತಿಯ ಹೆಸರಿಗೆ ಹೋದದ್ದು ಹೋಗಲಿ ಅಂದುಕೊಂಡಿರಬಹುದು. ನಮ್ಮಲ್ಲಿ ಕೆರೆ ಕೆಲಸಕ್ಕೆ ಮಣ್ಣು ಹೊತ್ತವನು ಕಲ್ಲಿನಲ್ಲಿ ಬೇರೆಯವನ ಹೆಸರು ನೋಡಿ ಸುಮ್ಮನೆ ಹೋಗುವುದಿಲ್ಲವೇ?

ಸಿಂಪ್ಸನ್ನನಿಗೆ ವಿಕ್ಟೋರಿಯಾ ಕ್ರಾಸ್ ಕೊಡಬೇಕೆಂದು 1967ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಬ್ರಿಟನ್ನನ್ನು ಕೇಳಿತು, ಅವರು ಒಪ್ಪಲಿಲ್ಲ. ಅದೇ ವರ್ಷ ಗಲ್ಲಿಪೋಲಿಯ ಹಳೆಯ ಸೈನಿಕರಿಗೆಲ್ಲ ಒಂದು ಸ್ಮರಣ ಪದಕ ಹಂಚಿದರು, ಅದರ ಮೇಲಿನ ಚಿತ್ರ ಸಿಂಪ್ಸನ್ ಮತ್ತು ಕತ್ತೆ! ಅಂದರೆ ಎಲ್ಲರ ಪದಕದ ಮೇಲೂ ಅವನಿದ್ದಾನೆ, ಅವನ ಎದೆಯ ಮೇಲೆ ಪದಕವಿಲ್ಲ. 2011ರಲ್ಲಿ ಮತ್ತೆ ವಿಚಾರಣೆ ಶುರುವಾಗಿ 2013ರಲ್ಲಿ ತೀರ್ಪು ಬಂತು. ಸಿಂಪ್ಸನ್ ಮಾಡಿದ್ದು ಧೈರ್ಯದ ಕೆಲಸವೇ, ಆದರೆ ಅವನ ಜೊತೆಗಿದ್ದ ಉಳಿದ ಡೋಲಿಯವರೂ ಅಷ್ಟೇ ಧೈರ್ಯದ ಕೆಲಸ ಮಾಡಿದ್ದಾರೆ, ಅವನೊಬ್ಬನನ್ನೇ ಬೇರೆ ಮಾಡಿ ದೊಡ್ಡ ಪದಕ ಕೊಡಲಾಗದು ಎಂಬುದು ಅದರ ಸಾರ.

ಈ ತೀರ್ಪಿನ ಬಗ್ಗೆ ನಮ್ಮೊಳಗೇ ವಾದ ನಡೆಯಿತು. ಕರ್ತವ್ಯ ಮಾಡಿದವನಿಗೆ ಪದಕವಿಲ್ಲ ಅನ್ನುವುದಾದರೆ, 1918ರ ಏಪ್ರಿಲ್ 9ರಂದು ಫ್ರಾನ್ಸಿನ ಬೆಥ್ಯೂನ್ ಹತ್ತಿರ ರಿಚರ್ಡ್ ಮಾಸ್ಟರ್ಸ್ ಎಂಬ ಆಂಬುಲೆನ್ಸ್ ಡ್ರೈವರಿಗೆ ಹೇಗೆ ವಿಕ್ಟೋರಿಯಾ ಕ್ರಾಸ್ ಬಂತು? ದಾರಿ ಮುಚ್ಚಿದೆ, ಹೋಗಲಾಗದು ಎಂದು ಹೇಳಿದ ಹಾದಿಯಲ್ಲಿ ಅವನು ತಾನೇ ಅಡ್ಡ ಬಿದ್ದದ್ದನ್ನೆಲ್ಲ ತೆಗೆದು, ಶೆಲ್ಲು ಬೀಳುತ್ತಿದ್ದಾಗಲೇ ಮೋಟಾರು ಗಾಡಿ ಓಡಿಸಿ ಸಂಜೆ ತನಕ ಗಾಯಾಳುಗಳನ್ನು ತಂದ. ಅವನದೂ ಕರ್ತವ್ಯವೇ. ಆದರೂ ನಮಗೆ ವಿಚಾರಣೆಯವರ ಮಾತಿನಲ್ಲಿ ನ್ಯಾಯ ಕಾಣುತ್ತದೆ. ಸಿಂಪ್ಸನ್ ಉಳಿಸಿಕೊಟ್ಟ ಮೂವರ ಹೆಗಲು ಬೇರೆ ಡೋಲಿಗೆ ಹೋಯಿತಲ್ಲ, ಅವರ ಹೆಸರು ಯಾವ ಪುಸ್ತಕದಲ್ಲೂ ಕತ್ತೆಯ ಹೆಸರಿನಷ್ಟು ದೊಡ್ಡದಾಗಿ ಬಂದಿಲ್ಲ. ಇಪ್ಪತ್ತೈದು ವರ್ಷ ಒಂದು ಸಂಘ ನಡೆಸಿದವರಿಗೆ ಈ ತೊಡಕು ಹೊಸದೇನಲ್ಲ.

ಭಾರತೀಯರಿಗೆ ವಿಕ್ಟೋರಿಯಾ ಕ್ರಾಸ್ ಪಡೆಯುವ ಹಕ್ಕು ಬಂದದ್ದೇ 1911ರಲ್ಲಿ. ಗಲ್ಲಿಪೋಲಿಯಲ್ಲಿ ಹೇಸರಗತ್ತೆ ಹೊಡೆದವರಲ್ಲಿ ಕೆಲವರಿಗೆ ಭಾರತೀಯ ವಿಶಿಷ್ಟ ಸೇವಾ ಪದಕ ಸಿಕ್ಕಿತು. ಉಳಿದ ಡ್ರಾಬಿಗಳ ವಿಷಯದಲ್ಲಿ ಹೆಸರು, ತಂದೆಯ ಹೆಸರು, ಹಳ್ಳಿ, ಇಷ್ಟೇ ದಾಖಲೆ. ಸಮಾಧಿ ಸಿಗದವರ ಹೆಸರುಗಳನ್ನು ಆ ನೆಲದ ತುದಿಯ ಹೆಲ್ಲೆಸ್ ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ್ದಾರೆ. 1915ರ ಡಿಸೆಂಬರ್ 20ರ ನಸುಕಿಗೆ ಆನ್ಜಾಕ್ ಕೊಲ್ಲಿಯನ್ನು ಖಾಲಿ ಮಾಡಿ ಎಲ್ಲರೂ ಹಡಗು ಹತ್ತಿದರು, ಗೆದ್ದದ್ದು ತುರ್ಕರು. ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು, ಎರಡು ಸಾವಿರದ ಏಳುನೂರರ ಆಸುಪಾಸು ನ್ಯೂಜಿಲೆಂಡಿನವರು ಅಲ್ಲೇ ಉಳಿದರು. ತುರ್ಕರ ಕಡೆ ಸತ್ತವರು ಎಂಬತ್ತು ಸಾವಿರಕ್ಕೂ ಮೇಲೆ.

ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ದಳವೂ ಆ ದಿನಗಳಲ್ಲಿ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾಯುತ್ತಿತ್ತು. ಮೂರು ವರ್ಷದ ಮೇಲೆ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದವರು ಅವರೇ. ಅವತ್ತು ಸತ್ತ ಸಿಪಾಯಿಗಳು ಎಂಟು, ಸತ್ತ ಕುದುರೆಗಳು ಅರವತ್ತು. ಆ ದಳದ ಸ್ಮಾರಕ ಬೆಂಗಳೂರಿನಲ್ಲಿದೆ. ಅವರ ಜೊತೆಯಲ್ಲೂ ಲಾಯದವರು, ಲಾಳ ಕಟ್ಟುವವರು, ಹುಲ್ಲು ತರುವವರು ಹೋಗಿದ್ದರು.

ಆ ಯುದ್ಧಕ್ಕೆ ಹೋದ ತಾತ ಮುತ್ತಾತಂದಿರ ಪದಕ ನಮ್ಮ ಸದಸ್ಯರ ಮನೆಗಳಲ್ಲಿ ಯಾರಲ್ಲಾದರೂ ಇದ್ದರೆ ಸಂಘದ ಕಚೇರಿಗೆ ತಂದು ತೋರಿಸಬೇಕೆಂದು ವಿನಂತಿ. ದುಂಡಗಿರುತ್ತದೆ. ಒಂದು ಕಡೆ ಐದನೆಯ ಜಾರ್ಜ್ ದೊರೆಯ ಮುಖ, ಇನ್ನೊಂದು ಕಡೆ ಕುದುರೆ ಸವಾರ. ಸಿಪಾಯಿಗಳಿಗೆ ಬೆಳ್ಳಿಯದು, ಕೂಲಿಯವರಾಗಿ ದಂಡಿನ ಜೊತೆ ಹೋದವರಿಗೆ ಕಂಚಿನದು. ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರು, ಹೆಸರು, ದಳ ಕೊರೆದಿರುತ್ತದೆ. ತರುವ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ, ಅಕ್ಷರ ಸವೆದು ಹೋಗುತ್ತದೆ.